ಸೇರಿನಲ್ಲಿ ಹಣ್ಣೆಷ್ಟು, ಗಾಳಿಯೆಷ್ಟು

ಒಂದು ಸೇರು ಬಾರಿಹಣ್ಣು ತೂಕಕ್ಕೆ ಎಷ್ಟಾಗುತ್ತದೆ? ಪುಷ್ಯ ಮಾಸದಲ್ಲಿ, ಬನದ ಹುಣ್ಣಿಮೆಯ ಆಸುಪಾಸು, ಚೊಳಚಗುಡ್ಡದ ಬನಶಂಕರಿ ಜಾತ್ರೆಯಲ್ಲಿ ಅಡ್ಡಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಒಬ್ಬಾಕೆ ತಾಡಪತ್ರಿಯ ಮೇಲೆ ಬಾರಿಹಣ್ಣು ಸುರುವಿಕೊಂಡು ಡಬ್ಬಿಯಲ್ಲಿ ಅಳೆದು ಕೊಡುತ್ತಿರುತ್ತಾಳೆ. ಅಲ್ಲಿಂದ ನಾಲ್ಕು ಮಾರು ಆಚೆ ಇನ್ನೊಬ್ಬ ಅದೇ ಹಣ್ಣನ್ನು ತಕ್ಕಡಿಗೆ ಹಾಕುತ್ತಿರುತ್ತಾನೆ. ಯಾರ ಹತ್ತಿರ ಕೊಂಡರೆ ಸೋವಿ ಎಂದು ನಿಂತ ನಿಲುವಿನಲ್ಲೇ ಹೇಳುವುದು ಸುಲಭವಲ್ಲ. "ಯಕ್ಕಾ, ಕಿಲೋಕ್ಕ ಎಷ್ಟ ಸೇರ ಆಕ್ಕಾವ?" ಎಂದರೆ ಆಕೆ, "ತಗೊಂಡ ನೋಡ್ರೆವ್ವಾ" ಎನ್ನುತ್ತಾಳೆ. ವ್ಯಾಪಾರದ ಜಾಣತನ ಅದರಲ್ಲಿದೆ, ನಿಜ. ಆದರೆ ಆ ಮಾತಿಗಿಂತ ಸರಿಯಾದ ಉತ್ತರವೂ ಇಲ್ಲ. ಯಾಕಿಲ್ಲ ಎಂಬುದೇ ಇವತ್ತಿನ ಮಾತು.

ಸಂತೆಯಲ್ಲಿ ಈ ತೊಡಕು ಎರಡು ರೂಪಾಯಿ ಹೆಚ್ಚು ಕಡಿಮೆಯಲ್ಲಿ ಮುಗಿಯುತ್ತದೆ. ಒಲೆಯ ಮುಂದೆ ಹಾಗಲ್ಲ. ಅಜ್ಜಿಯ ಗುಳಂಬಕ್ಕೆ ವಾಟಗದ ಅಳತೆ, ಅಂಗಡಿಯಲ್ಲಿ ಹಣ್ಣಿಗೆ ಕಿಲೋ ಲೆಕ್ಕ, ಬಾಳೆಹಣ್ಣಿಗೆ ಡಜನ್ ಲೆಕ್ಕ, ಮಗಳು ಎಲ್ಲಿಂದಲೋ ಬರೆದುಕೊಂಡು ಬಂದ ಕೇಕಿಗೆ ಕಪ್ಪಿನ ಲೆಕ್ಕ. ಇವನ್ನೆಲ್ಲ ಒಂದೇ ಅಡಿಗೆಮನೆಯಲ್ಲಿ ಕೂಡಿಸಬೇಕು. ಅಳತೆಯಿಂದ ತೂಕಕ್ಕೆ ಬದಲಾಯಿಸಿಕೊಳ್ಳಲು ಒಂದು ಸೂತ್ರ ಸಿಕ್ಕರೆ ಸಾಕಲ್ಲವೇ ಎಂದು ಅನ್ನಿಸುತ್ತದೆ. ಹಾಲಿಗೆ ಸಿಗುತ್ತದೆ, ಎಣ್ಣೆಗೂ ಸಿಗುತ್ತದೆ. ಹಣ್ಣಿಗೆ ಸಿಗುವುದಿಲ್ಲ.

ನಮ್ಮ ಭಾಗದ ಹಳೆಯ ಲೆಕ್ಕವನ್ನು ಮೊದಲು ನೋಡೋಣ. ಬಾದಾಮಿ, ಹುನಗುಂದ ತಾಲ್ಲೂಕುಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಸೇರು ಎಂಬುದು ಎರಡು ಬೇರೆ ಬೇರೆ ವಸ್ತುಗಳಾಗಿತ್ತು. ತಕ್ಕಡಿಯ ಸೇರು ೮೦ ತೊಲೆ, ಈಗಿನ ಲೆಕ್ಕದಲ್ಲಿ ೯೩೩ ಗ್ರಾಂ. ಅದರ ಕಾಲುಭಾಗ ಪಾವಶೇರು, ಅಂದರೆ ೨೩೩ ಗ್ರಾಂ. ಹದಿನಾರನೆಯ ಒಂದು ಪಾಲು ಚಟಾಕು, ೫೮ ಗ್ರಾಂ. ಇನ್ನೊಂದು, ಕಾಳುಕಡಿ ಅಳೆಯುವ ಸೇರು. ಅದು ಪಾತ್ರೆ, ತೂಕವಲ್ಲ. ಅದರಲ್ಲಿ ಜೋಳ ತುಂಬಿದರೆ ಒಂದು ತೂಕ, ಚುರುಮುರಿ ತುಂಬಿದರೆ ಇನ್ನೊಂದು ತೂಕ. ರಾಶಿ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನದೆ "ಲಾಭ" ಎಂದು ಎಣಿಸುವ ರೈತನಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತು. ಎರಡನ್ನೂ ಆತ ಕಲಸುತ್ತಿರಲಿಲ್ಲ. ೧೯೫೬ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು, ೧೯೫೮ರ ಅಕ್ಟೋಬರಿನಿಂದ ಕಿಲೋ, ಗ್ರಾಂ ಪೇಟೆಗೆ ಇಳಿದವು, ೧೯೬೨ರ ಹೊತ್ತಿಗೆ ತೂಕದಲ್ಲಿ ಅವೇ ಕಡ್ಡಾಯವಾದವು. ತೊಲೆ ಅಕ್ಕಸಾಲಿಗನ ಅಂಗಡಿಯಲ್ಲಿ ಉಳಿಯಿತು. ಪಾವಶೇರು ಹೋಗಿ ಪಾವ್ ಕಿಲೋ ಬಂತು, ೨೩೩ ಗ್ರಾಂ ಇದ್ದದ್ದು ೨೫೦ ಆಯಿತು. ಹಳೆಯ ನೋಟುಬುಕ್ಕಿನಲ್ಲಿ "ಪಾವು" ಎಂದು ಬರೆದದ್ದನ್ನು ಓದುವಾಗ ಅದು ಪಾತ್ರೆಯ ಪಾವೋ, ತೊಲೆಯ ಪಾವೋ, ಕಿಲೋದ ಪಾವೋ ಎಂದು ಬರೆದವರನ್ನೇ ಕೇಳಬೇಕು. ಅವರು ಇರುವಾಗಲೇ ಕೇಳಿಬಿಡಿ.

ಈಗ ಬಾರಿಹಣ್ಣಿಗೆ ಬರೋಣ. ಒಂದು ಲೀಟರ್ ಹಿಡಿಯುವ ಡಬ್ಬಿಗೆ ಕಂಠಮಟ್ಟ ಬಾರಿಹಣ್ಣು ತುಂಬಿ. ಅದರ ಮೇಲೆ ಅಳತೆಯ ಗೆರೆ ಇರುವ ಬಾಟಲಿಯಿಂದ ನೀರು ಹನಿಸುತ್ತ ಹೋಗಿ, ಡಬ್ಬಿ ತುಂಬಿ ಚೆಲ್ಲುವ ತನಕ. ಹತ್ತಿರ ಹತ್ತಿರ ೪೦೦ ಮಿಲಿಲೀಟರ್ ನೀರು ಹಿಡಿದೀತು. ಆ ೪೦೦ ಮಿಲಿಲೀಟರ್ ಜಾಗದಲ್ಲಿ ಮೊದಲು ಇದ್ದದ್ದು ಗಾಳಿ. ಹಣ್ಣು ಇದ್ದದ್ದು ೬೦೦ ಮಿಲಿಲೀಟರಿನಷ್ಟು. ಹಣ್ಣಿನ ತಿರುಳು ನೀರಿಗಿಂತ ಬಹಳ ಹಗುರವೂ ಅಲ್ಲ, ಬಹಳ ಭಾರವೂ ಅಲ್ಲವಾದ್ದರಿಂದ ಲೀಟರ್ ಡಬ್ಬಿ ಬಾರಿಹಣ್ಣು ಎಂದರೆ ಸುಮಾರು ೬೦೦ ಗ್ರಾಂ. ಇದರಲ್ಲಿ ಬೀಜದ ತೂಕವೂ ಸೇರಿತು. ಜವಾರಿ ಬಾರಿಹಣ್ಣಾದರೆ ಬೀಜದ ಪಾಲು ಹೆಚ್ಚು, ಕಸಿ ಹಣ್ಣಾದರೆ ಕಡಿಮೆ. ರುಚಿಯ ಮಾತು ಬಂದರೆ ನಾನು ಜವಾರಿಯ ಪಕ್ಷ.

ಈ ನೂರಕ್ಕೆ ಅರವತ್ತು ಎಂಬುದು ಬಾರಿಹಣ್ಣಿನ ಗುಣವಲ್ಲ, ದುಂಡಗಿನ ಆಕಾರದ ಗುಣ. ದುಂಡಗಿನ ವಸ್ತುಗಳನ್ನು ಮನಬಂದಂತೆ ಸುರುವಿದರೆ ಜಾಗದಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತರಷ್ಟು ತುಂಬುತ್ತವೆ. ಡಬ್ಬಿಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತುಂಬಿದರೂ ಅರವತ್ತನಾಲ್ಕರ ಹತ್ತಿರ ನಿಂತುಬಿಡುತ್ತದೆ. ಹಣ್ಣಿನ ಅಂಗಡಿಯವನು ಮೋಸಂಬಿಯನ್ನು ಒಂದರ ಸಂದಿಯಲ್ಲಿ ಒಂದನ್ನು ಕೂಡಿಸಿ ಗೋಪುರ ಕಟ್ಟುತ್ತಾನಲ್ಲ, ಅದರಲ್ಲಿ ಮಾತ್ರ ನೂರಕ್ಕೆ ಎಪ್ಪತ್ತನಾಲ್ಕು ಬರುತ್ತದೆ. ಅದಕ್ಕಿಂತ ಒತ್ತಾಗಿ ದುಂಡು ವಸ್ತುಗಳನ್ನು ಜೋಡಿಸಲು ಸಾಧ್ಯವಿಲ್ಲ ಎಂದು ಕೆಪ್ಲರ್ ೧೬೧೧ರಲ್ಲಿ ಊಹಿಸಿದ್ದ. ಗ್ರಹಗಳ ದಾರಿ ಹೇಳಿದನಲ್ಲ, ಅದೇ ಕೆಪ್ಲರ್. ಆ ಊಹೆಗೆ ಥಾಮಸ್ ಹೇಲ್ಸ್ ಎಂಬ ಗಣಿತಜ್ಞ ಸಾಧನೆ ಮುಂದಿಟ್ಟದ್ದು ೧೯೯೮ರಲ್ಲಿ, ಅದೂ ಕಂಪ್ಯೂಟರಿನ ಸಹಾಯದಿಂದ. ಹಣ್ಣಿನವರಿಗೆ ಕೈಯಲ್ಲಿ ಗೊತ್ತಿದ್ದದ್ದು ಗಣಿತಕ್ಕೆ ದಕ್ಕಲು ಮುನ್ನೂರ ಎಂಬತ್ತೇಳು ವರ್ಷ ಹಿಡಿಯಿತು.

ತುಸು ಉದ್ದನೆಯ ಅಥವಾ ಚಪ್ಪಟೆಯಾದ ಹಣ್ಣು ಇನ್ನೂ ಒತ್ತಾಗಿ ಕೂರುತ್ತದೆ. ೨೦೦೪ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ವಿಜ್ಞಾನಿಗಳು ಚಪ್ಪಟೆ ಗುಂಡಿಯಂಥ ಮಿಠಾಯಿಗಳನ್ನು ಸುರುವಿ ನೋಡಿದರು. ನೂರಕ್ಕೆ ಅರವತ್ತೆಂಟರವರೆಗೆ ತುಂಬಿತು. ನೇರಳೆ, ಉದ್ದ ದ್ರಾಕ್ಷಿ ದುಂಡು ಹಣ್ಣಿಗಿಂತ ಡಬ್ಬಿಯಲ್ಲಿ ಸ್ವಲ್ಪ ಹೆಚ್ಚು ಹಿಡಿಯುವುದಕ್ಕೂ ಇದೇ ಕಾರಣ.

ಇಲ್ಲಿ ಒಂದು ಸೋಜಿಗವಿದೆ. ಸಣ್ಣ ಹಣ್ಣು ಕೊಂಡರೆ ಸೇರಿನಲ್ಲಿ ಹೆಚ್ಚು ಕೂರುತ್ತದೆ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಎಣಿಕೆಯಲ್ಲಿ ಹೆಚ್ಚು, ಸರಿ. ತೂಕದಲ್ಲಿ? ಪಾತ್ರೆ ದೊಡ್ಡದಿದ್ದರೆ ಏನೂ ವ್ಯತ್ಯಾಸವಿಲ್ಲ. ಬುಟ್ಟಿ ತುಂಬ ಸಣ್ಣ ಲಿಂಬಿಹಣ್ಣು ಸುರುವಿದರೂ ದೊಡ್ಡ ಲಿಂಬಿಹಣ್ಣು ಸುರುವಿದರೂ ಗಾಳಿಯ ಪಾಲು ಅಷ್ಟೇ. ಹಣ್ಣು ಸಣ್ಣದಾದರೆ ಸಂದಿಯೂ ಸಣ್ಣದು, ಆದರೆ ಸಂದಿಗಳ ಸಂಖ್ಯೆ ಹೆಚ್ಚು. ವ್ಯತ್ಯಾಸ ಬರುವುದು ಪಾತ್ರೆಯೇ ಚಿಕ್ಕದಾದಾಗ. ಗೋಡೆಗೆ ತಾಗಿದ ಹಣ್ಣಿನ ಬದಿಗೆ ಹೆಚ್ಚು ಜಾಗ ಖಾಲಿ ಬೀಳುತ್ತದೆ. ವಾಟಗದಲ್ಲಿ ಇಡಿ ಲಿಂಬಿಹಣ್ಣು ಅಳೆಯಲು ಹೋದರೆ ಎರಡೋ ಮೂರೋ ಕೂತು ಉಳಿದದ್ದೆಲ್ಲ ಬಯಲು. ಹಾಗಾಗಿ ಹಣ್ಣು ದೊಡ್ಡದು, ಪಾತ್ರೆ ಸಣ್ಣದು ಇದ್ದಲ್ಲಿ ಅಳತೆಯನ್ನು ನಂಬಬೇಡಿ.

ಇನ್ನು ತಲೆ ಮೇಲಿನ ಗೋಪುರ. ಸೇರನ್ನು ಸವರಿ ಅಳೆಯುವುದೊಂದು, ಮೇಲೆ ರಾಶಿ ಬರುವ ಹಾಗೆ ಅಳೆಯುವುದೊಂದು. ರಾಶಿಯ ಇಳಿಜಾರು ಮೂವತ್ತು ಡಿಗ್ರಿ ಎಂದು ಹಿಡಿದರೆ, ಎತ್ತರದಷ್ಟೇ ಬಾಯಗಲ ಇರುವ ಡಬ್ಬಿಯಲ್ಲಿ ಆ ಗೋಪುರ ಹತ್ತನೆಯ ಒಂದು ಪಾಲು. ಬಾಯಗಲ ಎತ್ತರದ ಎರಡರಷ್ಟಿದ್ದರೆ ಐದನೆಯ ಒಂದು ಪಾಲು ಹತ್ತಿರ. ಅಗಲ ಬಾಯಿಯ ಡಬ್ಬಿಯಲ್ಲಿ ರಾಶಿ ಹಾಕಿ ಅಳೆಯುವವಳು ಧಾರಾಳಿ. ಉದ್ದ ಡಬ್ಬಿಯಲ್ಲಿ ರಾಶಿ ಹಾಕುವವಳು ಲೆಕ್ಕದವಳು.

ಅಡಿಗೆಗೆ ಹೆಚ್ಚು ಮುಖ್ಯವಾದದ್ದು ಇದು: ಹಣ್ಣಿನ ಮೇಲೆ ಈಳಿಗೆ ಆಡಿದ ಗಳಿಗೆಯಿಂದ ಲೆಕ್ಕ ಬದಲಾಗುತ್ತದೆ. ಬಾಳೆಹಣ್ಣನ್ನೇ ನೋಡಿ. ಅಮೆರಿಕದ ಕೃಷಿ ಇಲಾಖೆ ಪ್ರಕಟಿಸುವ ಆಹಾರ ಕೋಷ್ಟಕದ ಪ್ರಕಾರ ಒಂದು ಕಪ್ ಬಿಲ್ಲೆ ಹೆಚ್ಚಿದ ಬಾಳೆಹಣ್ಣು ೧೫೦ ಗ್ರಾಂ. ಅದೇ ಕಪ್ಪಿನಲ್ಲಿ ಕಿವುಚಿದ ಬಾಳೆಹಣ್ಣು ೨೨೫ ಗ್ರಾಂ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ: ಬಿಲ್ಲೆ ೧೫೦, ಕಿವುಚಿದ್ದು ೨೨೫. ಅದೇ ಹಣ್ಣು, ಅದೇ ಕಪ್ಪು, ಒಂದೂವರೆ ಪಟ್ಟು ಅಂತರ. ಸ್ಟ್ರಾಬೆರಿಯಲ್ಲೂ ಹೀಗೇ: ಇಡಿಯಾದರೆ ೧೪೪, ಹೋಳಾದರೆ ೧೬೬, ರುಬ್ಬಿದರೆ ೨೩೨. ರುಬ್ಬಿದ ಹಣ್ಣು ಹೆಚ್ಚು ಕಡಿಮೆ ನೀರಿನ ತೂಕಕ್ಕೇ ಬಂದು ನಿಲ್ಲುತ್ತದೆ, ಯಾಕೆಂದರೆ ಗಾಳಿಗೆ ಜಾಗವೇ ಇಲ್ಲ.

ಕೇಕಿನ ವಿಧಾನದಲ್ಲಿ ಎರಡು ಕಪ್ ಕಿವುಚಿದ ಬಾಳೆಹಣ್ಣು ಎಂದಿದ್ದರೆ ೪೫೦ ಗ್ರಾಂ ಬೇಕು. ಎರಡು ಕಪ್ ಬಿಲ್ಲೆ ಅಳೆದು ಆಮೇಲೆ ಕಿವುಚಿದರೆ ಸಿಗುವುದು ೩೦೦ ಗ್ರಾಂ. ಕೇಕು ಒಣಗುತ್ತದೆ, ಬೈಗುಳ ಒಲೆಗೆ ಬೀಳುತ್ತದೆ. ಸಂತೆಗೆ ಹೋಗುವಾಗ ಸಿಪ್ಪೆಯ ಲೆಕ್ಕವನ್ನೂ ಹಿಡಿಯಬೇಕು. ಅದೇ ಕೋಷ್ಟಕದಲ್ಲಿ ಬಾಳೆಹಣ್ಣಿನ ಸಿಪ್ಪೆ ನೂರಕ್ಕೆ ೩೬ ಪಾಲು. ಹಾಗಾದರೆ ೪೫೦ ಗ್ರಾಂ ತಿರುಳಿಗೆ ಸಿಪ್ಪೆ ಸಹಿತ ೭೦೦ ಗ್ರಾಂ ಕೊಳ್ಳಬೇಕು. ಒಂದು ಕಿಲೋ ಕೊಂಡರೆ ಬಿಲ್ಲೆಯಾಗಿ ನಾಲ್ಕು ಕಪ್ಪಿಗೆ ಮೇಲಾಯಿತು, ಕಿವುಚಿದರೆ ಮೂರು ಕಪ್ಪಿಗೂ ಕಡಿಮೆ. ಬನಶಂಕರಿಯ ಸುತ್ತ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳಿವೆ. ಆ ತೋಟದ ಜವಾರಿ ಬಾಳೆಯ ಸಿಪ್ಪೆ ತೆಳುವಿದ್ದರೆ ನಿಮ್ಮ ಅಂಕಿ ಬೇರೆಯಾದೀತು. ನಾನು ಹೇಳಿದ್ದು ಪೇಟೆಯ ದಪ್ಪ ಸಿಪ್ಪೆಯ ಹಣ್ಣಿನ ಲೆಕ್ಕ.

ದಾಳಿಂಬರಿ ನಮ್ಮ ಬಾಗಲಕೋಟೆ ಜಿಲ್ಲೆಯ ಬೆಳೆ. ಅದರಲ್ಲಿ ಸಿಪ್ಪೆ, ಪೊರೆ ಹೋದರೆ ಅರ್ಧಕ್ಕಿಂತ ತುಸು ಹೆಚ್ಚು ಕಾಳು ಉಳಿಯುತ್ತದೆ, ಕಿಲೋಕ್ಕೆ ೫೬೦ ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಕಪ್ ಕಾಳು ೧೭೪ ಗ್ರಾಂ. ಕಿಲೋ ದಾಳಿಂಬರಿ ಬಿಡಿಸಿದರೆ ಮೂರು ಕಪ್ಪು. ಮಾವಿನಹಣ್ಣಿನ ಹೋಳು ಕಪ್ಪಿಗೆ ೧೬೫, ಪಪ್ಪಾಯಿಯ ಹೋಳು ೧೪೫. ಉಳಿದ ಹಣ್ಣುಗಳ ಅಂಕಿಗಳನ್ನು ರೇಡಿಯೋದಲ್ಲಿ ಓದುತ್ತ ಕೂತರೆ ಪೇಟೆ ಧಾರಣಿಯ ವಾರ್ತೆಯಾಗುತ್ತದೆ, ಬೇಡ.

ಒಣಹಣ್ಣಿನ ವಿಷಯ ಮಾತ್ರ ಬಿಡಲಾರೆ. ವಿಜಯಪುರದ ಕಡೆ ದ್ರಾಕ್ಷಿ ಒಣಗಿಸುವವರನ್ನು ಕೇಳಿದರೆ ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಎನ್ನುತ್ತಾರೆ. ಈಗ ಕಪ್ಪಿನಲ್ಲಿ ನೋಡಿ. ಒಂದು ಕಪ್ ಹಸಿ ದ್ರಾಕ್ಷಿ ೧೫೧ ಗ್ರಾಂ, ಒಂದು ಕಪ್ ಒಣದ್ರಾಕ್ಷಿ ಒತ್ತದೆ ತುಂಬಿದರೆ ೧೪೫, ಒತ್ತಿ ತುಂಬಿದರೆ ೧೬೫. ತೂಕ ಸರಿಸಮ! ಆದರೆ ಒಂದರಲ್ಲಿ ಇರುವುದು ಬಹುಪಾಲು ನೀರು, ಇನ್ನೊಂದರಲ್ಲಿ ನಾಲ್ಕು ಕಪ್ ಹಣ್ಣಿನ ಸಕ್ಕರೆ. ಹಸಿಯ ಬದಲು ಒಣದ್ದನ್ನು ಕಪ್ಪಿಗೆ ಕಪ್ಪು ಹಾಕಿದರೂ ತಪ್ಪು, ಗ್ರಾಂಗೆ ಗ್ರಾಂ ಹಾಕಿದರೂ ತಪ್ಪು. ತಕ್ಕಡಿಯೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟಿನಲ್ಲಿ ಉತ್ತತ್ತಿ, ಒಣಕೊಬ್ಬರಿ, ಅಂಟು, ಬೆಲ್ಲ ಎಲ್ಲ ಸೇರುತ್ತವಲ್ಲ, ಮನೆಯಲ್ಲಿ ಅದನ್ನು ಮಾಡಲು ಹೊರಟವರು ಉತ್ತತ್ತಿಯನ್ನು ವಾಟಗದಲ್ಲಿ ಅಳೆಯದಿರಲಿ. ಇಡಿ ಉತ್ತತ್ತಿ ವಾಟಗದಲ್ಲಿ ಅಡ್ಡಡ್ಡ ನಿಂತು ಜಾಗ ತಿನ್ನುತ್ತದೆ. ಚೂರು ಮಾಡಿ ಅಳೆದರೆ ಪಾಕಕ್ಕೆ ಅಂದಾಜಿಗಿಂತ ಬಹಳ ಹೆಚ್ಚು ಬೀಳುತ್ತದೆ. ಒಣಹಣ್ಣಿಗೆ ತೂಕವೇ ಸೈ.

ಇಷ್ಟು ಹೊತ್ತು ಕಪ್ಪು ಕಪ್ಪು ಎನ್ನುತ್ತ ಬಂದೆ. ಯಾವ ಕಪ್ಪು? ನಾನು ಹೇಳಿದ ಅಂಕಿಗಳೆಲ್ಲ ಅಮೆರಿಕದ ಕಪ್ಪಿನವು, ಅದು ೨೩೭ ಮಿಲಿಲೀಟರ್. ಆಸ್ಟ್ರೇಲಿಯಾದ ಕಪ್ಪು ೨೫೦, ಜಪಾನಿನದು ೨೦೦. ನಮ್ಮ ಚಹಾದ ಕಪ್ಪಿಗೆ ಕಾಯ್ದೆಯೇ ಇಲ್ಲ. ಅಳತೆಯ ಕಪ್ಪನ್ನು ಅಂಚಿಗೆ ಸರಿಯಾಗಿ ಸವರಿ ಅಳೆಯಬೇಕೆಂದು ಅಮೆರಿಕದ ಗೃಹಿಣಿಯರಿಗೆ ರೂಢಿ ಮಾಡಿಸಿದವರಲ್ಲಿ ಮುಖ್ಯಳು ಬಾಸ್ಟನ್ನಿನ ಅಡಿಗೆ ಶಾಲೆಯ ಫ್ಯಾನಿ ಫಾರ್ಮರ್. ೧೮೯೬ರಲ್ಲಿ ಬಂದ ಆಕೆಯ ಪುಸ್ತಕ ಆ ದೇಶದ ಅಡಿಗೆಮನೆಗಳನ್ನು ಆಳಿತು. ಹಿಟ್ಟು, ಸಕ್ಕರೆಗೆ ಆಕೆಯ ಪದ್ಧತಿ ನಡೆಯಿತು. ಹೆಚ್ಚಿದ ಹಣ್ಣಿಗೆ ಅದು ಯಾವತ್ತೂ ಒಗ್ಗಲಿಲ್ಲ ಎಂಬುದು ನನ್ನ ಅಭಿಪ್ರಾಯ; ಸೇಬಿನ ಹೋಳನ್ನು ಅಂಚಿಗೆ ಸವರುವುದು ಹೇಗೆ?

ಆದ್ದರಿಂದ ನಿಮ್ಮ ಮನೆಯ ವಾಟಗವನ್ನೇ ಗೊತ್ತು ಮಾಡಿಕೊಳ್ಳಿ. ಅಂಗಡಿಯಲ್ಲಿ ತಕ್ಕಡಿ ಇದೆಯಲ್ಲ, ಖಾಲಿ ವಾಟಗ ಒಮ್ಮೆ, ನೀರು ತುಂಬಿ ಒಮ್ಮೆ ತೂಗಿಸಿ. ಎಷ್ಟು ಗ್ರಾಂ ಹೆಚ್ಚಾಯಿತೋ ಅಷ್ಟು ಮಿಲಿಲೀಟರ್ ಅದರ ಹೊಟ್ಟೆ. ಅದು ೨೦೦ ಮಿಲಿಲೀಟರ್ ಬಂದರೆ, ಕಪ್ಪಿನ ಅಂಕಿಯನ್ನು ೨೦೦ರಿಂದ ಗುಣಿಸಿ ೨೩೭ರಿಂದ ಭಾಗಿಸಿ. ಸರಳವಾಗಿ ಹೇಳುವುದಾದರೆ ಆರರಲ್ಲಿ ಒಂದು ಪಾಲು ಕಳೆಯಿರಿ, ಸಾಕು. ೨೨೫ ಇದ್ದದ್ದು ೧೯೦ರ ಹತ್ತಿರ ಬರುತ್ತದೆ.

ಮನೆಯಲ್ಲಿ ತಕ್ಕಡಿ ಇಲ್ಲ ಎನ್ನುವವರಿಗೆ ಒಂದು ಉಪಾಯ. ಒಂದು ಗಟ್ಟಿ ಕೋಲಿನ ನಡುವೆ ದಾರ ಕಟ್ಟಿ, ಎರಡೂ ತುದಿಗೆ ಒಂದೇ ಬಗೆಯ ಎರಡು ಚೀಲ ತೂಗುಬಿಡಿ. ಕೋಲು ಸಮವಾಗಿ ನಿಂತ ಮೇಲೆ ಒಂದು ಕಡೆ ಅರ್ಧ ಲೀಟರ್ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ, ಇನ್ನೊಂದು ಕಡೆ ಹಣ್ಣು. ಬಾಟಲಿಯ ಸ್ವಂತ ತೂಕ ಕಾಡದಂತೆ ಹಣ್ಣಿನ ಕಡೆಗೂ ಅಂಥದೇ ಖಾಲಿ ಬಾಟಲಿ ಇಡಿ. ಸಮ ಆದರೆ ಹಣ್ಣು ೫೦೦ ಗ್ರಾಂ. ಆ ಹಣ್ಣನ್ನು ನಿಮ್ಮ ವಾಟಗದಲ್ಲಿ ಇಡಿಯಾಗಿ, ಹೆಚ್ಚಿ, ಕಿವುಚಿ ಅಳೆದು ಅಂಕಿಯನ್ನು ಕಪಾಟದ ಬಾಗಿಲ ಒಳಬದಿಗೆ ಬರೆದಿಡಿ. ಯಾವ ದೇಶದ ಕೋಷ್ಟಕಕ್ಕಿಂತಲೂ ಅದು ನಿಮಗೆ ಉಪಯೋಗ.

ಈಗ ಹುಣಸಿಹಣ್ಣು. "ಲಿಂಬಿಹಣ್ಣಿನ ಗಾತ್ರ ಹುಣಸಿ" ಎಂದು ನಾವೆಲ್ಲ ಹೇಳುತ್ತೇವೆ, ಹಣ್ಣನ್ನು ಅಳೆಯಲು ಹಣ್ಣನ್ನೇ ಅಳತೆಗೋಲು ಮಾಡಿದ್ದೇವೆ. ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ಲಿಂಬಿಹಣ್ಣಿನ ಗಾತ್ರ ೩೩ ಮಿಲಿಲೀಟರ್ ಚಿಲ್ಲರೆ. ಐದು ಸೆಂಟಿಮೀಟರಿನದಾದರೆ ೬೫. ಕಣ್ಣಿಗೆ ಒಂದು ಬೆರಳಗಲವೂ ಇಲ್ಲದ ಅಂತರ, ಸಾರಿನಲ್ಲಿ ಎರಡು ಪಟ್ಟು ಹುಳಿ. ಉಂಡೆಯನ್ನು ಗಟ್ಟಿ ಒತ್ತಿದ್ದೀರೋ ಸಡಿಲ ಬಿಟ್ಟಿದ್ದೀರೋ ಎಂಬುದು ಬೇರೆ. ಹೊಸ ಸೊಸೆಯ ಸಾರು ಹುಳಿಯಾದರೆ ಆಕೆಯನ್ನು ಅನ್ನುವ ಮುಂಚೆ ಅತ್ತೆಯವರು ತಾವು ಯಾವ ಲಿಂಬಿಹಣ್ಣು ಮನಸ್ಸಿನಲ್ಲಿಟ್ಟು ಹೇಳಿದ್ದೆವು ಎಂದು ವಿಚಾರಿಸಲಿ.

ಹಾಗಂತ ಎಲ್ಲದಕ್ಕೂ ತಕ್ಕಡಿ ಹಿಡಿಯಬೇಕಿಲ್ಲ. ಶೀಕರಣಿಗೆ ಗ್ರಾಂ ಲೆಕ್ಕ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ, ನಾಲಿಗೆ ಇದೆಯಲ್ಲ. ಪಲ್ಲೇದ ಹಬ್ಬದಲ್ಲಿ ಬನಶಂಕರಿಗೆ, ಶಾಕಂಬರಿಗೆ, ನೂರೆಂಟು ಬಗೆಯ ಪಲ್ಯದ ನೈವೇದ್ಯ ಆಗುತ್ತದೆ. ಆ ಅಡಿಗೆಯನ್ನು ಗ್ರಾಂನಲ್ಲಿ ಬರೆಯಲು ಕೂತವರು ಮುಂದಿನ ಜಾತ್ರೆಗೂ ಬರೆಯುತ್ತಲೇ ಇದ್ದಾರು. ಅವತ್ತೇ ಮಾಡಿ ಅವತ್ತೇ ಉಣ್ಣುವುದಕ್ಕೆ ಕೈಯಳತೆ ಸಾಕು.

ಇಡುವ ಪದಾರ್ಥಕ್ಕೆ ಮಾತ್ರ ತೂಕ ಬೇಕೇ ಬೇಕು. ಅಲ್ಲಿ ಸಕ್ಕರೆ ರುಚಿಗೆ ಮಾತ್ರ ಇರುವುದಲ್ಲ, ಕಾವಲಿಗೆ ಇರುವುದು. ಹಣ್ಣಿನ ನೀರನ್ನು ಸಕ್ಕರೆ ಹಿಡಿದಿಟ್ಟುಕೊಂಡರೆ ಬೂಸುರಿಗೆ ಕುಡಿಯಲು ನೀರು ಸಿಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಜಾಮಿನ ಕರಗಿದ ಘನಾಂಶ ನೂರಕ್ಕೆ ೬೫ಕ್ಕೆ ಕಡಿಮೆ ಇರಬಾರದು, ಹಣ್ಣು ೪೫ಕ್ಕೆ ಕಡಿಮೆ ಇರಬಾರದು ಎಂದಿದೆ. ಸ್ಟ್ರಾಬೆರಿಯಂಥ ಒಂದೆರಡಕ್ಕೆ ರಿಯಾಯಿತಿ. ಇವೆಲ್ಲ ತೂಕದ ಪಾಲು, ಅಳತೆಯ ಪಾಲಲ್ಲ.

ಗುಳಂಬವನ್ನೇ ತೆಗೆದುಕೊಳ್ಳಿ. ತುರಿದ ಮಾವಿನಕಾಯಿ ಒಂದು ವಾಟಗಕ್ಕೆ ಬೆಲ್ಲ ಒಂದು ವಾಟಗ ಎಂದು ಹೇಳುವ ಮನೆಗಳಿವೆ. ಆಗಷ್ಟೇ ತುರಿದು ಸಡಿಲವಾಗಿ ತುಂಬಿದ ವಾಟಗದಲ್ಲಿ ಕಾಯಿ ಕಡಿಮೆ, ಗಾಳಿ ಹೆಚ್ಚು. ಬೆಲ್ಲ ಮೇಲುಗೈಯಾಗಿ ಗುಳಂಬ ಆರಿದ ಮೇಲೆ ಗಟ್ಟಿಯಾಗುತ್ತದೆ. ತುರಿದಿಟ್ಟು ಅರ್ಧ ತಾಸು ಬಿಟ್ಟು, ನೀರೊಡೆದು ಕುಸಿದ ಮೇಲೆ ಒತ್ತಿ ತುಂಬಿದರೆ ಕಾಯಿ ಹೆಚ್ಚು, ಬೆಲ್ಲ ಸಾಲದು. ಮಳೆಗಾಲ ಹಿಡಿಯುವ ಮೊದಲೇ ಭರಣಿಯ ಬಾಯಲ್ಲಿ ಬೂಸುರು. ಬೆಲ್ಲವೂ ಹೀಗೆಯೇ, ಪುಡಿಯಾದರೆ ಒಂದು, ಹೆಂಟೆಯಾದರೆ ಒಂದು. ಅಜ್ಜಿಯ ಕೈಯಲ್ಲಿ ಅದು ಕೆಡುತ್ತಿರಲಿಲ್ಲ, ಯಾಕೆಂದರೆ ಆಕೆಯ ವಾಟಗ ಒಂದೇ, ತುರಿಯುವ ಮಣೆ ಒಂದೇ, ಒತ್ತುವ ಕೈಯೂ ಒಂದೇ. ಬರುವ ಬೇಸಿಗೆಯಲ್ಲಿ ಆಕೆ ಅಳೆಯುವಾಗ ಪಕ್ಕದಲ್ಲಿ ನಿಂತು, ಆಕೆ ತುಂಬಿದ ವಾಟಗವನ್ನೇ ಎತ್ತಿ ತೂಗಿ, ಕಾಯಿಗೆ ಎಷ್ಟು, ಬೆಲ್ಲಕ್ಕೆ ಎಷ್ಟು ಎಂದು ಗ್ರಾಂನಲ್ಲಿ ಬರೆದುಕೊಳ್ಳಿ. ಕಾಯಿಯನ್ನು ತುರಿದ ಮೇಲೆ ತೂಗಬೇಕು, ವಾಟೆ ಸಮೇತ ಅಲ್ಲ. ಬೆಲ್ಲವನ್ನು ಕುಟ್ಟುವ ಮೊದಲು ತೂಗಿದರೂ ನಡೆಯುತ್ತದೆ.